ವರ್ಷಕ್ಕೊಂದು ಸಾಲು

ಹೆಂಡತಿ ಭೂಗೋಳದಲ್ಲಿ ಎಂ.ಎ. ಮಾಡಿದ್ದರೆ ಗಂಡನಿಗೆ ಎಂಥ ಸುಖವಾದ ಹಗಲುಗನಸು ಬೀಳುತ್ತದೆಂಬುದನ್ನು ಸುಗಟೂರಿನ ಉಮಾಶಂಕರನನ್ನು ಕೇಳಬೇಕು. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತ ಕೊಯ್ಯುತ್ತಲೇ ಅವನು ತ್ರಿವೇಣಿಯನ್ನು ಒಮ್ಮೆ ಕಾಲೇಜಿನ ಉಪನ್ಯಾಸಕಿ ಮಾಡುತ್ತಿದ್ದ, ಒಮ್ಮೆ ಹವಾಮಾನ ಇಲಾಖೆಯಲ್ಲಿ ಕೂರಿಸಿ ಮಳೆರಾಯನಿಗೇ ಅಪ್ಪಣೆ ಕೊಡಿಸುತ್ತಿದ್ದ. ಅದೂ ಬೇಸರವಾದರೆ ಉಪಗ್ರಹದ ಚಿತ್ರ ನೋಡಿ ನಗರ ಕಟ್ಟಿಸುವ ಅಧಿಕಾರಿ. ಹುದ್ದೆ ಯಾವುದಾದರೂ ಕನಸಿನ ಕೊನೆ ಒಂದೇ. ಅವಳಿಗೆ ಸಂಬಳ ಬರುತ್ತದೆ, ಸೊಪ್ಪು ಕೊಯ್ಯಲು ಆಳು ಬರುತ್ತಾನೆ, ತಾನು ತೋಟದಂಚಿನ ಹೊಂಗೆ ನೆರಳಲ್ಲಿ ಮಲಗಿ ಮೋಡ ನೋಡುತ್ತಾನೆ. (ಮೋಡವೂ ಭೂಗೋಳವೇ ಎಂದು ಅವನ ವಾದ.)

ಭೂಮಿ ಗುಂಡಗಿದೆ ಅನ್ನೋದಕ್ಕೆ ಯಾವ ಪುಣ್ಯಾತ್ಮ ಸಂಬಳ ಕೊಡ್ತಾನೆ ಎಂದು ಅವನ ತಾಯಿ ಮುನಿಯಲ್ಲಮ್ಮ ಆಗಾಗ ಕೇಳುತ್ತಿದ್ದಳು.

ಕೊನೆಗೊಬ್ಬ ಪುಣ್ಯಾತ್ಮ ಸಿಕ್ಕಿದ. ಕೆರೆಗಳ ನಕಾಶೆ ಮಾಡುವ ಕೋಲಾರದ ಕಚೇರಿಯೊಂದರಿಂದ ಸಂದರ್ಶನಕ್ಕೆ ಕರೆ ಬಂತು. ಹಿಂದಿನ ಸಂಜೆ ತ್ರಿವೇಣಿ ಅಳುಮುಖ ಮಾಡಿ ಕೂತಳು. ಕೆರೆ ಯಾಕೆ ಚಿಕ್ಕದಾಗುತ್ತಿದೆ ಎಂದು ಕೇಳೇ ಕೇಳುತ್ತಾರೆ, ಪುಸ್ತಕದಲ್ಲಿರುವುದನ್ನು ಎಲ್ಲರೂ ಒಪ್ಪಿಸುತ್ತಾರೆ, ತನಗೆ ಹೊಸದೇನೂ ತೋಚುತ್ತಿಲ್ಲ ಎಂದಳು. ಹೊಂಗೆ ನೆರಳು ಕೈತಪ್ಪುವುದನ್ನು ಕಂಡು ಉಮಾಶಂಕರ ಸೊಪ್ಪಿನ ಬುಟ್ಟಿ ಬದಿಗಿಟ್ಟು ಅವಳ ಪಕ್ಕ ಬಂದು ಕೂತ.

"ಪುಸ್ತಕ ಯಾಕೆ ಕಣೇ, ನಮ್ಮಪ್ಪನ ಕತೆ ಹೇಳು," ಎಂದ. "ತೋಟದ ಪಕ್ಕದ ಕೆರೆ ಒಣಗಿದಾಗೆಲ್ಲ ಅದರ ಅಂಚಲ್ಲಿ ವರ್ಷಕ್ಕೊಂದು ಸಾಲು ಜಾಸ್ತಿ ಉಳ್ತಿದ್ದ. ಒಂದೇ. ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ. ಅಪ್ಪ ಹೋದ್ಮೇಲೂ ನಾನು ಅದನ್ನ ಬಿಟ್ಟಿಲ್ಲ." ಹೇಳುವಾಗ ಅವನ ದನಿಯಲ್ಲಿ ಪಿತೃಭಕ್ತಿ ತುಳುಕುತ್ತಿತ್ತು.

ತ್ರಿವೇಣಿ ಅದನ್ನೇ ಹೇಳಿದಳು. ಸಾಹೇಬರು ಬೆರಗಾಗಿ ಕಾಫಿ ತರಿಸಿದರಂತೆ. ಕೆಲಸ ಸಿಕ್ಕಿತು. ಉಮಾಶಂಕರ ಊರಿಗೆಲ್ಲ ಮೈಸೂರುಪಾಕು ಹಂಚಿ, ಹೊಂಗೆಯ ಕೆಳಗೆ ಹೊಸ ಮಂಚ ಹಾಕಿಸಿದ. ಆ ತಿಂಗಳಷ್ಟು ಚೆಂದದ ಮೋಡಗಳನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

ಒಂದು ಸಂಜೆ ತ್ರಿವೇಣಿ ಬಸ್ಸಿಳಿದು ನೇರ ತೋಟಕ್ಕೇ ಬಂದು ಲ್ಯಾಪ್‌ಟಾಪ್ ತೆರೆದಳು. ಇಷ್ಟು ಖಚಿತವಾಗಿ ಗೊತ್ತಿರುವ ಕೆರೆಯಿಂದಲೇ ಶುರುಮಾಡಿ ಎಂದು ಸಾಹೇಬರ ಅಪ್ಪಣೆಯಾಗಿತ್ತು. ಹಳೆಯ ನಕಾಶೆಯ ಪ್ರಕಾರ ಅವಳೇ ಎಳೆದ ಕೆಂಪು ಗೆರೆ ಸೊಪ್ಪಿನ ತೋಟವನ್ನು ಸೀಳಿಕೊಂಡು ಹೋಗಿತ್ತು. ಹೊಂಗೆಮರವೂ ಮಂಚವೂ ಕೆರೆಯ ಪಾಲಾಗಿದ್ದವು.

"ಚೂರು ಆ ಕಡೆ ಎಳೆಯೋಕಾಗಲ್ವೇನೇ?" ಎಂದು ಉಮಾಶಂಕರ ಮೆಲ್ಲಗೆ ಕೇಳಿದ.

"ಆಗಲ್ಲ ರೀ," ಎಂದಳು ತ್ರಿವೇಣಿ. ಗಂಡನನ್ನು ನೋಡಿ ಅವಳಿಗೆ ಅಯ್ಯೋ ಅನ್ನಿಸಿತು. "ಬೇಜಾರಾಗ್ಬೇಡಿ, ನಿಮಗೂ ನಮ್ಮ ಆಫೀಸಲ್ಲೇ ಕೆಲಸ ಕೇಳಿದೀನಿ. ಸೋಮವಾರದಿಂದ ಗಡಿಕಲ್ಲು ಹೊತ್ತು ನೆಡೋಕೆ ಆಳು ಬೇಕಂತೆ."