ನಮ್ಮ ಟ್ಯಾಂಕಿನಲ್ಲಿ ಎಲ್ಲರೂ ಕ್ಷೇಮ

ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿಂದ ಊರಿಗೆಲ್ಲ ಕೇಳಿಸುವಷ್ಟು ದೊಡ್ಡ ರಾದ್ಧಾಂತ ಆಗುವುದು ನಮ್ಮ ಮನೆಯಲ್ಲಿ ಈಚೆಗೆ ಮಾಮೂಲಾಗಿದೆ. ತಪ್ಪು ಜೀವಿಗಳದ್ದಲ್ಲ. ಅವು ಪಾಪ, ಒಂದು ಹನಿ ನೀರಿನಲ್ಲಿ ತಮ್ಮ ಪಾಡಿಗೆ ತಾವು ಇರುತ್ತವೆ.

ನಾನು ಮೈಸೂರಿನವಳು. ಯಜಮಾನರು ಹೋದ ಮೇಲೆ ದುಬೈಗೆ ಬಂದು ಅಲ್ ಬರ್ಷಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳು, ಅಳಿಯ ಆಫೀಸಿಗೆ, ಮೊಮ್ಮಗಳು ಶಾಲೆಗೆ ಹೊರಟರೆ ಸಂಜೆಯವರೆಗೆ ಮನೆಯಲ್ಲಿ ನಾನು ಮತ್ತು ಏಸಿಯ ಸದ್ದು. ಮೊಮ್ಮಗಳ ಪ್ರಾಜೆಕ್ಟಿಗೆಂದು ತಂದ ಮೈಕ್ರೋಸ್ಕೋಪು ಪ್ರಾಜೆಕ್ಟ್ ಮುಗಿದದ್ದೇ ಕಪಾಟು ಸೇರಿತ್ತು. ಒಂದು ದಿನ ಬೇಜಾರಿಗೆ ಅದನ್ನು ತೆಗೆದು, ಹೂಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ಒಂದು ಹನಿ ಹಾಕಿ ನೋಡಿದೆ. ಒಳಗೆ ಹಬ್ಬದ ಹಿಂದಿನ ದಿನದ ದೇವರಾಜ ಮಾರುಕಟ್ಟೆ. ಚಪ್ಪಲಿಯ ಆಕಾರದ್ದೊಂದು ಎಲ್ಲರಿಗೂ ಡಿಕ್ಕಿ ಹೊಡೆಯುತ್ತಾ ಓಡುತ್ತಿತ್ತು. ಇನ್ನೊಂದು ತಲೆಯ ಮೇಲೆ ಎರಡು ಚಕ್ರ ತಿರುಗಿಸುತ್ತಾ ಗಂಭೀರವಾಗಿ ನಿಂತಿತ್ತು. ಅದರ ಹೆಸರು ರೋಟಿಫರ್ ಎಂದು ಮೊಮ್ಮಗಳು ಹುಡುಕಿ ಹೇಳಿದಳು. ನಾನು ರಾಟೆಮ್ಮ ಎನ್ನುತ್ತೇನೆ. ಮೈಕ್ರೋಸ್ಕೋಪಿಗೆ ಮೊಬೈಲು ಸಿಕ್ಕಿಸುವ ಕ್ಲಿಪ್ಪನ್ನೂ ಅವಳೇ ತರಿಸಿಕೊಟ್ಟು, ವಿಡಿಯೊ ತೆಗೆಯುವುದು ಕಲಿಸಿದಳು. ಅಂದಿನಿಂದ ನನಗೆ ಹಗಲು ಸಾಲದು.

ಕಾಣದ ಮೀನು

ಹೂಕುಂಡದವರ ಪರಿಚಯವೆಲ್ಲ ಆದ ಮೇಲೆ, ಹತ್ತಿರದ ಪಾರ್ಕಿನ ಕೊಳದವರನ್ನೂ ನೋಡೋಣ ಎನಿಸಿತು. ಖಾಲಿ ಉಪ್ಪಿನಕಾಯಿ ಬಾಟಲಿಗೆ ದಾರ ಕಟ್ಟಿ, ಸೀರೆ ಎತ್ತಿ ಸಿಕ್ಕಿಸಿಕೊಂಡು, ಕೊಳದ ಅಂಚಿನಲ್ಲಿ ಕೂತು ಇಳಿಬಿಟ್ಟೆ. ಸೆಕ್ಯೂರಿಟಿಯವನು ಬಂದ.

"ಮಾತಾಜಿ, ಇಲ್ಲಿ ಮೀನು ಹಿಡಿಯೋ ಹಾಗಿಲ್ಲ" ಎಂದ ಹಿಂದಿಯಲ್ಲಿ.

"ಮೀನಲ್ಲಪ್ಪ, ಹುಳ" ಎಂದೆ ನನ್ನ ಹರಕು ಹಿಂದಿಯಲ್ಲಿ.

ಅವನು ಬಾಟಲಿ ಇಸಿದುಕೊಂಡು ಬಿಸಿಲಿಗೆ ಹಿಡಿದ. ತಿರುಗಿಸಿ ನೋಡಿದ. "ಎಲ್ಲಿದೆ ಹುಳ?"

"ಕಣ್ಣಿಗೆ ಕಾಣಲ್ಲ."

ಅವನು ನನ್ನನ್ನೂ ಬಾಟಲಿಯನ್ನೂ ಮತ್ತೆ ಮತ್ತೆ ನೋಡಿದ. ಪಕ್ಕದ ಬೋರ್ಡಿನಲ್ಲಿ ಮೀನು ಬೇಡ, ಈಜು ಬೇಡ, ನಾಯಿ ಬೇಡ ಎಂದೆಲ್ಲ ಚಿತ್ರ ಬರೆದಿತ್ತು. ಅದರ ಕಡೆಗೂ ಒಮ್ಮೆ ನೋಡಿ ಬಾಟಲಿ ವಾಪಸು ಕೊಟ್ಟ.

"ತಗೊಂಡು ಹೋಗಿ ಮಾತಾಜಿ. ಕಾಣದೇ ಇರೋದರ ಚಿತ್ರ ಆ ಬೋರ್ಡಲ್ಲಿ ಇಲ್ಲ."

ತೀರ್ಥ

ಕೊಳದ ನೀರಿಗೆ ಎಳೆಬಿಸಿಲು ಬೇಕು. ನಮ್ಮ ಫ್ಲಾಟಿನಲ್ಲಿ ಎಳೆಬಿಸಿಲು ಬೀಳುವುದು ಒಂದೇ ಕಡೆ, ದೇವರ ಮನೆ ಎಂದು ಕರೆಯುವ ಶೆಲ್ಫಿನ ಮೇಲೆ. ಹಾಗಾಗಿ ಒಂದು ಪುಟ್ಟ ಗಾಜಿನ ಬಟ್ಟಲಲ್ಲಿ ನೀರು, ಅದರಲ್ಲಿ ಕೊಳದ್ದೇ ನಾಲ್ಕು ಹಸಿರೆಲೆ ಹಾಕಿ ಅಲ್ಲಿಟ್ಟಿದ್ದೆ.

ಆ ಶುಕ್ರವಾರ ಸತ್ಯನಾರಾಯಣ ಪೂಜೆ. ದುಬೈಯದೇ ಇನ್ನೊಂದು ಬಡಾವಣೆ ಇಂಟರ್‌ನ್ಯಾಷನಲ್ ಸಿಟಿಯಿಂದ ಅಳಿಯನ ಸಹೋದ್ಯೋಗಿಯೊಬ್ಬರು ಬಂದಿದ್ದರು. ಮಂಡ್ಯ ಕಡೆಯವರು, ಬಹಳ ದೈವಭಕ್ತರು. ನಾನು ಅಡುಗೆಮನೆಯಿಂದ ಸಜ್ಜಿಗೆಯ ಪಾತ್ರೆ ಹಿಡಿದು ಹೊರಗೆ ಬರುವುದಕ್ಕೂ, ಅವರು ಬಟ್ಟಲಿನಿಂದ ಒಂದು ಉದ್ಧರಣೆ ನೀರನ್ನು ಅಂಗೈಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಸುರ್ರೆಂದು ಹೀರುವುದಕ್ಕೂ ಸರಿಹೋಯಿತು. ಉಳಿದ ಪಸೆಯನ್ನು ತಲೆಗೆ ಸವರಿಕೊಂಡು, "ತುಳಸಿ ಇಲ್ಲೂ ಸಿಗತ್ತಾ ಅಮ್ಮ?" ಎಂದರು.

ಮಗಳು ನನ್ನ ಮುಖ ನೋಡಿದಳು. ನಾನು ಸಜ್ಜಿಗೆ ನೋಡಿದೆ.

ಅವರು ಹೋದ ಮೇಲೆ ಮಗಳು ಬಾಗಿಲು ಹಾಕಿ ಹೇಳಿದಳು. "ಅಮ್ಮ, ಅವರಿಗೇನಾದ್ರೂ ಆದ್ರೆ ಖಲಾಸ್. ಆ ಮೈಕ್ರೋಸ್ಕೋಪನ್ನ ಯಾರಿಗಾದ್ರೂ ಕೊಟ್ಟುಬಿಡ್ತೀನಿ."

ಎರಡು ದಿನ ನಾನು ಆ ಮನುಷ್ಯನ ಆರೋಗ್ಯಕ್ಕಾಗಿ ಬೇಡಿಕೊಂಡಷ್ಟು ಅವರ ಹೆತ್ತ ತಾಯಿಯೂ ಬೇಡಿಕೊಂಡಿರಲಾರರು. ಮೂರನೆಯ ದಿನ ಅವರದೇ ಫೋನು. ಅಳಿಯ ಸ್ಪೀಕರಿಗೆ ಹಾಕಿದ.

"ಅತ್ತೆಯವರಿಗೆ ಹೇಳಿ, ನಂದು ಹಳೇ ಗ್ಯಾಸ್ಟ್ರಿಕ್ಕು ತೀರ್ಥ ತಗೊಂಡಾಗಿನಿಂದ ಪತ್ತೇನೇ ಇಲ್ಲ. ಮನೆಯವರಿಗೂ ಸ್ವಲ್ಪ ಬೇಕಿತ್ತು."

ಸೊರಗಿದ ತಂಗಿ

ಅಕ್ಕ ಮೈಸೂರಿನಲ್ಲಿದ್ದಾಳೆ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಬೇಡವೆಂದು ಹಟ. ಅವಳು ವಿಡಿಯೊ ಕರೆ ಮಾಡಿದಾಗ ನನ್ನ ಮೊಬೈಲು ಮೈಕ್ರೋಸ್ಕೋಪಿಗೆ ಕಚ್ಚಿಕೊಂಡಿತ್ತು. ರಾಟೆಮ್ಮ ಒಳ್ಳೆ ಬೆಳಕಿನಲ್ಲಿ ನಿಂತಿದ್ದಳು, ಬಿಚ್ಚಲು ಮನಸ್ಸಾಗಲಿಲ್ಲ. ಸಿಕ್ಕಿಸಿದಂತೆಯೇ ಒತ್ತಿ ಮಾತಾಡಿದೆ. ಬೆರಳು ಕ್ಯಾಮೆರಾ ತಿರುಗಿಸುವ ಗುಂಡಿಗೆ ತಾಗಿದ್ದು ನನಗೆ ಗೊತ್ತಾಗಲಿಲ್ಲ.

ಅಕ್ಕ ಮೆತ್ತಗೆ ಕೇಳಿದಳು. "ಊಟ ಸರಿಯಾಗಿ ಮಾಡ್ತಿದೀಯೇನೇ?"

"ಮಾಡ್ತಿದೀನಲ್ಲ. ಈಗ ತಾನೇ ಬಿಸಿಬೇಳೆಬಾತ್ ತಿಂದೆ."

"ಕಾಣ್ತಿದೆ" ಎಂದಳು ಅಕ್ಕ. "ತಿಂದಿದ್ದು ಹೊಟ್ಟೇಲಿ ತಿರುಗ್ತಿರೋದೂ ಕಾಣ್ತಿದೆ. ಇಷ್ಟು ಸೊರಗೋದಾ? ತಲೆ ಕೂದಲೆಲ್ಲ ಯಾಕೆ ಹಾಗೆ ಹಾರಾಡ್ತಿದೆ, ಫ್ಯಾನ್ ಆರಿಸು."

ನಾನು ವಿಷಯ ತಿಳಿದು ಕ್ಯಾಮೆರಾ ತಿರುಗಿಸುವಷ್ಟರಲ್ಲಿ ಅವಳು ಕರೆ ಮುಗಿಸಿ, ಮೀಟಿಂಗಿನಲ್ಲಿದ್ದ ನನ್ನ ಮಗಳಿಗೆ ಫೋನು ಮಾಡಿ, ಹೆತ್ತ ತಾಯಿಗೆ ಅನ್ನ ಹಾಕದವಳು ಎಂದು ಬೈದು ಮುಗಿಸಿದ್ದಳು. ಸಂಜೆ ಮಗಳು ಬಂದವಳೇ ಚಪ್ಪಲಿ ಬಿಡುತ್ತಾ, "ಲಾಸ್ಟ್ ವಾರ್ನಿಂಗ್ ಅಮ್ಮ. ಇನ್ನೊಂದು ಕಂಪ್ಲೇಂಟ್ ಬಂದ್ರೆ ಅದು ಈ ಮನೇಲಿ ಇರಲ್ಲ" ಎಂದಳು. ಅವಳು ಹೇಳಿದರೆ ಹೇಳಿದಂತೆ ಮಾಡುವವಳು. ನನ್ನ ಮಗಳಲ್ಲವೇ.

ಒಂದೇ ಸಮಾಧಾನ. ತಂಗಿ ಮತ್ತೆ ಮೈತುಂಬಿಕೊಂಡದ್ದನ್ನು ಸರಿಯಾಗಿ ನೋಡಬೇಕೆಂದು ಅಕ್ಕ ಪೊರೆಯ ಆಪರೇಷನ್ನಿಗೆ ಒಪ್ಪಿಕೊಂಡಳು.

ನಮ್ಮ ಟ್ಯಾಂಕು

ಮುಂದೆ ಆದದ್ದರಲ್ಲಿ ನನ್ನ ನೌಕರಿಯ ಪಾಲೂ ಇದೆ. ನಿವೃತ್ತಿಯಾಗುವವರೆಗೆ ನಾನು ನೀರಾವರಿ ಕಚೇರಿಯೊಂದರಲ್ಲಿ ಇಂಗ್ಲಿಷ್ ಟೈಪಿಸ್ಟು. ನಮ್ಮ ಸೀಮೆಯ ಸರ್ಕಾರಿ ಇಂಗ್ಲಿಷಿನಲ್ಲಿ ಕೆರೆಗೆ ಟ್ಯಾಂಕು ಎನ್ನುತ್ತಾರೆ. ಕೆರೆ ಏರಿ ಟ್ಯಾಂಕ್ ಬಂಡ್, ಕೆರೆ ಅಂಗಳ ಟ್ಯಾಂಕ್ ಬೆಡ್. ಅಷ್ಟು ವರ್ಷ ಅದನ್ನೇ ಕುಟ್ಟಿದ ಬೆರಳುಗಳಿಗೆ ಬೇರೆ ಮಾತು ಬರುವುದಿಲ್ಲ.

ನಮ್ಮ ಕಟ್ಟಡದವರದೊಂದು ವಾಟ್ಸಾಪ್ ಗುಂಪಿದೆ. ದಿನಾ ಬೆಳಿಗ್ಗೆ ಯಾರಾದರೂ ಹೂವು, ಸೂರ್ಯೋದಯ ಹಾಕುತ್ತಾರೆ. ನಾನೂ ಒಂದು ಹಾಕೋಣವೆಂದು ಪಾರ್ಕಿನ ಕೊಳದ ನೀರಿನ ನನ್ನ ಅತ್ಯುತ್ತಮ ವಿಡಿಯೊ ಹಾಕಿ, ಇಂಗ್ಲಿಷಿನಲ್ಲಿ ಬರೆದೆ. ಶುಭೋದಯ, ಇದು ನಮ್ಮ ಟ್ಯಾಂಕಿನದು, ಎಲ್ಲರೂ ಕ್ಷೇಮ.

ಒಬ್ಬರು, "ಯಾವ ಟ್ಯಾಂಕು?" ಎಂದರು.

"ದೊಡ್ಡದು" ಎಂದು ಬರೆದೆ.

"ಎಷ್ಟು ದಿನದಿಂದ ಇವೆ?"

"ಮೊದಲಿನಿಂದಲೂ ಇವೆ. ಸಾವಿರಾರು. ಈಗ ಮರಿ ಹಾಕುವ ಕಾಲ."

ಜನರ ಆಸಕ್ತಿ ಕಂಡು ನನಗೆ ಎದೆ ತುಂಬಿ ಬಂತು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಕೆಳಗಿನ ಅಂಗಡಿಯ ಬಾಟಲಿ ನೀರೆಲ್ಲ ಖಾಲಿ. ಕಟ್ಟಡದ ಮ್ಯಾನೇಜರಿಗೆ ಎಲ್ಲ ಮಹಡಿಯಿಂದಲೂ ಫೋನು. ಮಗಳು ಅರ್ಧ ದಿನ ರಜೆ ಹಾಕಿ ಬಂದಳು. ಏನೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಮೈಕ್ರೋಸ್ಕೋಪು ತಗೊಂಡು ಕೆಳಗೆ ಬಾ ಅಮ್ಮ" ಎಂದಳು ಅಷ್ಟೆ.

ಲಾಬಿಯಲ್ಲಿ ಜನ ಕಿಕ್ಕಿರಿದಿದ್ದರು. ಮ್ಯಾನೇಜರು ಎತ್ತರದ ಅರಬ್ಬಿ ಮನುಷ್ಯ. ನನ್ನನ್ನು ಮಾಮಾ ಎನ್ನುತ್ತಾರೆ. ಅವರ ಭಾಷೆಯಲ್ಲಿ ಅದು ಅಮ್ಮ ಇದ್ದಂತೆ. ನಾನು ವಿವರಿಸಿದೆ. ಕೆರೆಯೇ ಟ್ಯಾಂಕು, ಟ್ಯಾಂಕೆಂದರೆ ಪಾರ್ಕಿನ ಕೊಳ.

"ಹಾಗಾದರೆ ಮೇಲಿನ ತಾರಸಿಯಲ್ಲಿರೋದು?" ಎಂದರು.

"ಅದೂ ಟ್ಯಾಂಕೇ."

"ಮತ್ತೆ ಸಮುದ್ರ?"

"ಸಮುದ್ರ ಸಮುದ್ರವೇ" ಎಂದೆ.

ಜನ ನಂಬಲಿಲ್ಲ. ಮ್ಯಾನೇಜರೇ ಮಾಮಾಗೆ ಹೀಗೆ ಹೇಳಿಕೊಟ್ಟಿದ್ದಾರೆ ಎಂದು ಹಿಂದಿನಿಂದ ಯಾರೋ ಗೊಣಗಿದರು. ವಾಚ್‌ಮನ್ ತಾರಸಿಯಿಂದ ಒಂದು ಲೋಟ ನೀರು ತಂದ. ನಾನು ಒಂದು ಹನಿ ಹಾಕಿ ಬಗ್ಗಿ ನೋಡಿದೆ. ಒಂದು ನರಪಿಳ್ಳೆಯೂ ಇಲ್ಲ. ಅಭ್ಯಾಸ ಬಲ, ನನಗೆ ನಿರಾಸೆಯಾಗಿ ಮುಖ ಇಳಿಯಿತು. ನನ್ನ ಮುಖ ನೋಡಿ ಇಬ್ಬರು ಹೆಂಗಸರು ಆಗಲೇ ಲಿಫ್ಟಿನ ಕಡೆ ಓಡಿದರು, ನಲ್ಲಿ ನಿಲ್ಲಿಸಲು.

"ಏನೂ ಇಲ್ಲ" ಎಂದೆ, ಮ್ಯಾನೇಜರಿಗಾಗಿ ಅದನ್ನೇ ಅರಬ್ಬಿಯಲ್ಲೂ. "ಮಾಫಿ. ಪೂರ್ತಿ ಶುದ್ಧ."

ಮಗಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆದರೆ ಮ್ಯಾನೇಜರು, "ನಾನೇ ನೋಡಿ ಎಲ್ಲರಿಗೂ ಹೇಳ್ತೇನೆ" ಎಂದು ಬಗ್ಗಿದರು. ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತದೆಯೇ ಸಣ್ಣ ದನಿಯಲ್ಲಿ, "ಮಾಮಾ, ಇದೆ" ಎಂದರು.

ಇಡೀ ಲಾಬಿ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು.

"ಕಪ್ಪು ಕಾಲುಗಳು. ಬಹಳ ಕಾಲು. ಉದ್ದುದ್ದ."

ಅವರನ್ನು ಸರಿಸಿ ನಾನು ನೋಡಿದೆ. ಏನೂ ಇಲ್ಲ. ಅವರು ನೋಡಿದರು. ಇದೆ. ಮಗಳು ಆಗಲೇ ಕಣ್ಣು ಮುಚ್ಚಿಕೊಂಡಿದ್ದಳು. ಆಗ ನನಗೆ ನನ್ನ ಮೊದಲ ದಿನ ನೆನಪಾಯಿತು. "ಒಂದು ಸಲ ಕಣ್ಣು ಮಿಟುಕಿಸಿ" ಎಂದೆ.

"ಮಿಟುಕಿಸಿದೆ."

"ಹುಳ ಏನು ಮಾಡಿತು?"

"ಹಾರಿತು."

"ಇನ್ನೊಂದು ಸಲ?"

"ಮತ್ತೆ ಹಾರಿತು. ಇದಕ್ಕೆ ನಾನು ನೋಡ್ತಿರೋದು ಗೊತ್ತಾಗ್ತಿದೆ ಮಾಮಾ."

"ಅದು ನಿಮ್ಮ ಕಣ್ಣಿನ ರೆಪ್ಪೆಗೂದಲು" ಎಂದೆ. "ಗಾಜಿಗೆ ತೀರಾ ಹತ್ತಿರ ಬಗ್ಗಿದ್ದೀರಿ."

ಅವರು ಇನ್ನೂ ಒಮ್ಮೆ, ಖಚಿತ ಮಾಡಿಕೊಳ್ಳಲು, ನಿಧಾನವಾಗಿ ಮಿಟುಕಿಸಿದರು. ಆಮೇಲೆ ನೆಟ್ಟಗೆ ನಿಂತು, ಕೋಟು ಸರಿಮಾಡಿಕೊಂಡು, ಜನರ ಕಡೆ ತಿರುಗಿ ಘನತೆಯಿಂದ ಹೇಳಿದರು. "ಖಲಾಸ್. ಟ್ಯಾಂಕು ಕ್ಲೀನ್. ಹುಳ ನನ್ನದು."

ಲಿಫ್ಟಿನಲ್ಲಿ ಮಗಳು ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಮ್ಮ ಮಹಡಿ ಬಂದರೂ ಅವಳಿಗೆ ಇಳಿಯಲಾಗಲಿಲ್ಲ, ಬಾಗಿಲು ಮತ್ತೆ ಮುಚ್ಚಿಕೊಂಡಿತು. ಮೈಕ್ರೋಸ್ಕೋಪನ್ನು ಎದೆಗವಚಿಕೊಂಡು ನಾನು ಕಾದೆ.

"ಅಮ್ಮ" ಎಂದಳು ಕಡೆಗೆ, ಕಣ್ಣೊರೆಸಿಕೊಳ್ಳುತ್ತಾ. "ಮುಂದಿನ ಸಲ ವಿಡಿಯೊ ಹಾಕುವಾಗ ಲೇಕ್ ಅಂತ ಬರಿ."

ಮುಂದಿನ ಸಲ ಎಂದಳು. ನಾನು ಅವಳ ಮನಸ್ಸು ಬದಲಾಗುವ ಮೊದಲೇ ಬೇಗ ಬೇಗ ಲಿಫ್ಟಿನ ಗುಂಡಿ ಒತ್ತಿದೆ.