ಪಾರ್ಕಿಗೆ ಉಳಿದ ಮೂಲೆ

ನಮ್ಮ ಊರುಗಳಲ್ಲಿ ಪಾರ್ಕುಗಳು ಹುಟ್ಟುವ ಗುಟ್ಟನ್ನು ಹೇಳಿಬಿಡುತ್ತೇನೆ. ಬೈಯುವುದಾದರೆ ಪೂರ್ತಿ ಓದಿ ಬೈಯಿರಿ. ನಾನು ಬಡಾವಣೆಗಳ ನಕ್ಷೆ ಬರೆದು ಬದುಕಿದವ. ಮೊದಲು ರಸ್ತೆ ಎಳೆಯಬೇಕು, ಆಮೇಲೆ ಸೈಟು ಕತ್ತರಿಸಬೇಕು. ಚೌಕ ಕೂರದ ಮೂಲೆ, ನೀರು ಹರಿಯುವ ತೋಡಿನ ಬದಿಯ ಇಳಿಜಾರು, ಮನೆ ಕಟ್ಟಿದರೆ ಮನೆಯೇ ಜಾರಿ ಹೋದೀತು ಎಂಬಂಥ ಜಾಗ ಕಡೆಗೆ ಉಳಿಯುತ್ತದಲ್ಲ, ಅದಕ್ಕೆ ಹಸಿರು ಬಣ್ಣ ಹಚ್ಚಿ ‘ಪಾರ್ಕ್’ ಎಂದು ಬರೆದರೆ ಕಾನೂನಿಗೂ ಸಮಾಧಾನ, ಜಾಗದ ಧನಿಗಳಿಗೂ ಸಂತೋಷ. ಮೂಡಬಿದಿರೆಯಿಂದ ಬಿ.ಸಿ.ರೋಡಿನವರೆಗೆ ನಾನು ಹೀಗೆ ಹಂಚಿದ ಹಸಿರಿನಲ್ಲಿ ಒಂದು ಬೆಂಚು ನಿಂತದ್ದೂ ನನಗೆ ನೆನಪಿಲ್ಲ.

ಬಿ.ಸಿ.ರೋಡಿನ ಹತ್ತಿರ ಅಂಥದೇ ಒಂದು ಬಡಾವಣೆಯಲ್ಲಿ ನಾನೂ ಸೈಟು ಕೊಂಡು ಮನೆ ಕಟ್ಟಿದೆ. ನಕ್ಷೆ ನನ್ನದೇ ಎಂದು ಮಾತ್ರ ಹೆಂಡತಿ ಸುಮತಿಗೂ ಹೇಳಿರಲಿಲ್ಲ. ಹೇಳಿದರೆ ಚರಂಡಿ ಕಟ್ಟಿಕೊಂಡಾಗಲೆಲ್ಲ ನೆರೆಯವರು ನನ್ನ ಬಾಗಿಲು ಬಡಿದಾರು. ಅಷ್ಟರಲ್ಲಿ ಸುಮತಿಗೆ ಶುಗರ್ ಬಂತು. ದಿನಾ ಅರ್ಧ ಗಂಟೆ ನಡೆಯಲೇಬೇಕು, ಇಲ್ಲವಾದರೆ ಇನ್ಸುಲಿನ್ ಎಂದರು ಡಾಕ್ಟರು. ಸೂಜಿ ಎಂದರೆ ಅವಳಿಗೆ ಪ್ರಾಣಭಯ. ಹೆದ್ದಾರಿಯಲ್ಲಿ ನಡೆಯೋಣವೆಂದರೆ ಬಸ್ಸುಗಳ ಭರಾಟೆ. ಹಾಗಾಗಿ ಅವಳೂ ನೆರೆಯ ನಾಲ್ಕು ಹೆಂಗಸರೂ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಸುತ್ತುತ್ತಿದ್ದರು. ಒಂದು ದಿನ ಅದರ ಮಾಲೀಕ, ನಾರಾವಿಯ ಧರಣಪ್ಪನವರು, ಮನೆ ಕಟ್ಟಲು ಲಾರಿಯಲ್ಲಿ ಕೆಂಪುಕಲ್ಲು ತಂದು ಇಳಿಸತೊಡಗಿದರು.

“ಇನ್ನು ನಾನು ಎಲ್ಲಿ ನಡೆಯುವುದು ಮಾರಾಯ್ರೆ?” ಎಂದಳು ಸುಮತಿ.

“ಕೆಳಗೆ ಪಾರ್ಕ್ ಉಂಟಲ್ಲ” ಎಂದೆ. ಹಾಳು ಬಾಯಿ ಸುಮ್ಮನಿರಲಿಲ್ಲ.

ಐವರೂ ನೋಡಲು ಹೋಗಿ ಏದುಸಿರು ಬಿಡುತ್ತಾ ವಾಪಸು ಬಂದರು. “ಆಡು ಕೂಡ ಇಳಿಯದ ಗುಂಡಿಗೆ ಪಾರ್ಕ್ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರು?” ಎಂದು ಸುಮತಿ ಕೇಳಿದಳು. ಎಲ್ಲರೂ ಸೇರಿ ಬೈದರು. ಸುಮ್ಮನಿದ್ದರೆ ಸಂಶಯ ಬಂದೀತೆಂದು ನಾನೂ, “ಅವನಿಗೆ ತಲೆಯಲ್ಲಿ ಎಂಥದೂ ಇಲ್ಲ” ಎಂದು ಸೇರಿಸಿದೆ. ಪಕ್ಕದಲ್ಲೇ ಕಲ್ಲು ಇಳಿಸುತ್ತಿದ್ದ ಧರಣಪ್ಪನವರು ಕಾರಿನಿಂದ ಬಡಾವಣೆಯ ನಕ್ಷೆ ತಂದು ನಿಧಾನವಾಗಿ ಬಿಡಿಸಿದರು. “ಇಲ್ಲಿ ರುಜು ಉಂಟಲ್ಲ ಅಕ್ಕಾ. ಇದು ನಿಮ್ಮವರದ್ದೇ ಅಲ್ವಾ?”

ಸುಮತಿ ಬೈಯಲಿಲ್ಲ, “ಇನ್ನು ನಾವು ನಮ್ಮ ಅಂಗಳದಲ್ಲೇ ನಡೆಯುವುದು” ಎಂದಳು ಅಷ್ಟೆ. ಮರುದಿನವೇ ನನ್ನ ಅಂಗಳಕ್ಕೆ ಹಾಸಿದ್ದ ಇಂಟರ್‌ಲಾಕ್ ಕಲ್ಲು ಎದ್ದಿತು, ಕಾರು ರಸ್ತೆಗೆ ಹೋಯಿತು, ನಾನು ಮಂಡಿಯೂರಿ ಹುಲ್ಲು ನೆಟ್ಟೆ. ಈಗ ದಿನಾ ಬೆಳಿಗ್ಗೆ ಐವರೂ ಅಲ್ಲೇ ಸುತ್ತುತ್ತಾರೆ. ಸುಮತಿಯ ಶುಗರ್ ಇಳಿದಿದೆ, ಸೂಜಿ ತಪ್ಪಿದೆ; ನಿಜ ಹೇಳುತ್ತೇನೆ, ನನಗೆ ಬಹಳ ಸಂತೋಷ. ಆ ಸಂತೋಷದಲ್ಲಿ ಮೊನ್ನೆ ನಾನೂ ಚಪ್ಪಲಿ ಬಿಟ್ಟು ಹುಲ್ಲಿಗೆ ಕಾಲಿಟ್ಟೆ.

“ಇಲ್ಲಿ ನಮಗೇ ಜಾಗ ಸಾಲುವುದಿಲ್ಲ. ನಿಮಗೆ ಪಾರ್ಕ್ ಉಂಟಲ್ಲ, ಹೋಗಿ” ಎಂದಳು ಸುಮತಿ.

ಹೋದೆ. ಆ ಗುಂಡಿಗೆ ಇಳಿದದ್ದು ಮಾತ್ರ ಕುಳಿತು ಜಾರಿಕೊಂಡು.