ದೋಣಿಗೇರಿಗೆ ನೀರು ತೋರಿಸಿದ ಅರಸ

ಈಗಿನ ನಕಾಶೆಗಳಿಗೆ ಸಿಗದಷ್ಟು ಹಿಂದೆ, ಮಂದಾಳೆ ಹೊಳೆ ಸಮುದ್ರ ಸೇರುವಲ್ಲಿ, ಕಡವಿನಾಡು ಎಂಬ ರಾಜ್ಯವೊಂದಿತ್ತು. ಅದನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜ ವಿಪುಲವರ್ಮ. ಆತ ದುಷ್ಟನಲ್ಲ. ಬೆಳಿಗ್ಗೆ ಎದ್ದಕೂಡಲೆ ಪ್ರಜೆಗಳಿಗೆ ಏನಾದರೂ ಒಳ್ಳೆಯದು ಮಾಡಬೇಕು ಎಂದುಕೊಳ್ಳುವ ಅಭ್ಯಾಸ ಆತನಿಗಿತ್ತು. ತಿಂಡಿಯ ಹೊತ್ತಿಗೆ ಅಭ್ಯುದಯ ಖಾತೆಯ ಅಮಾತ್ಯ ಶ್ಲಾಘನಾಥ ಬಂದು, ಆ ಒಳ್ಳೆಯದು ಯಾವುದೆಂದು ತಿಳಿಸುತ್ತಿದ್ದ.

ಒಂದು ದಿನ ನೆರೆಯ ಮೇರುಪುರದ ಅರಸ ಉನ್ನತಸೇನನಿಂದ ಒಂದು ಚಿತ್ರಪಟ ಬಂತು. ನೀರಿನ ದಂಡೆಯಲ್ಲಿ ಗಗನಚುಂಬಿ ಕಟ್ಟಡಗಳು, ಪ್ರತಿ ಮಹಡಿಯ ಬಾಲ್ಕನಿಯಲ್ಲೂ ನೀರು ನೋಡುತ್ತ ನಿಂತ ಜನ. ಕೆಳಗೆ ‘ನಮ್ಮ ವಾಟರ್‌ಫ್ರಂಟ್’ ಎಂದು ಬರೆದಿತ್ತು. ವಿಪುಲವರ್ಮನಿಗೆ ಅಂದು ಇಡ್ಲಿ ಸೇರಲಿಲ್ಲ.

“ಅಮಾತ್ಯರೇ, ನಮ್ಮಲ್ಲಿ ವಾಟರ್‌ಫ್ರಂಟ್ ಇದೆಯೇ?”

“ನೀರಿದೆ, ಪ್ರಭು. ಫ್ರಂಟಿನಲ್ಲಿ ಜನ ಇದ್ದಾರೆ.”

“ಎಷ್ಟು ಕಾಲದಿಂದ?”

“ತಮ್ಮ ಮುತ್ತಜ್ಜನವರ ಕಾಲಕ್ಕೂ ಹಿಂದಿನಿಂದ. ಈವರೆಗೆ ಯಾವ ಅರಸರೂ ಅದನ್ನು ಗಮನಿಸಿರಲಿಲ್ಲ. ತಮ್ಮ ದೂರದೃಷ್ಟಿಗೆ ಮಾತ್ರ ಬಿತ್ತು.”

ತನಗೆ ದೂರದೃಷ್ಟಿ ಇದೆಯೆಂದು ಅರಸನಿಗೆ ತಿಳಿದದ್ದು ಆಗಲೇ.

ಆ ಜನರ ಕೇರಿಗೆ ದೋಣಿಗೇರಿ ಎಂದು ಹೆಸರು. ನೂರಾ ನಲವತ್ತು ಮನೆ. ಗಂಡಸರು ಬಲೆ ಬೀಸುತ್ತಿದ್ದರು, ಹೆಂಗಸರು ಇಳಿತದ ಹೊತ್ತಿನಲ್ಲಿ ಹೊಳೆಗಿಳಿದು ಚಿಪ್ಪಿ ಹೆಕ್ಕುತ್ತಿದ್ದರು. ಕೇರಿಯ ಪಕ್ಕದಲ್ಲಿ ಕೆಸರು, ಹುಲ್ಲು ಬೆರೆತ ದೊಡ್ಡ ಬಯಲೊಂದಿತ್ತು. ಬೇಸಿಗೆಯಲ್ಲಿ ಅಲ್ಲಿ ಬಲೆ ಒಣಗುತ್ತಿತ್ತು. ಮಳೆಗಾಲದಲ್ಲಿ ಹೊಳೆ ಉಕ್ಕಿದಾಗ ನೀರು ಅಲ್ಲಿಗೆ ಹರಡಿ, ನಾಲ್ಕು ದಿನ ನಿಂತು, ತನ್ನ ಪಾಡಿಗೆ ತಾನು ಇಳಿದುಹೋಗುತ್ತಿತ್ತು. ಸರ್ಕಾರಿ ದಾಖಲೆಯಲ್ಲಿ ಆ ಬಯಲನ್ನು ‘ನಿರುಪಯುಕ್ತ ಭೂಮಿ’ ಎಂದು ಕರೆದಿದ್ದರು. ಮೂವತ್ತೆರಡು ಅಂತಸ್ತಿನ ‘ಗಗನಜಲ ಮಹಾಸೌಧ’ವನ್ನು ಅಲ್ಲೇ ಎಬ್ಬಿಸುವುದೆಂದು ತೀರ್ಮಾನವಾಯಿತು.

ಕಡವಿನಾಡಿನಲ್ಲಿ ಕಾನೂನು ಇರಲಿಲ್ಲ ಎಂದು ಯಾರೂ ಭಾವಿಸಬಾರದು. ಯಾವುದೇ ಯೋಜನೆಗೆ ಮುಂಚೆ ಸ್ಥಳೀಯರ ಕಣ್ಣಿಗೆ ಬೀಳುವ ಕಡೆ ನೋಟಿಸು ಅಂಟಿಸಬೇಕು, ಮೂವತ್ತು ದಿನ ಆಕ್ಷೇಪಣೆಗೆ ಕಾಯಬೇಕು. ಶ್ಲಾಘನಾಥ ಕಾನೂನಿನ ಅಕ್ಷರ ತಪ್ಪುವವನಲ್ಲ. ಹೊಳೆಯ ನಡುವೆ ದೋಣಿಯವರಿಗೆ ಆಳ ತೋರಿಸಲು ನೆಟ್ಟ ಕಂಬವೊಂದಿತ್ತು. ಅದು ಇಡೀ ಕೇರಿಗೆ ಕಾಣುತ್ತಿತ್ತು. ನೋಟಿಸನ್ನು ಅದಕ್ಕೆ ಅಂಟಿಸಲಾಯಿತು.

ಇಪ್ಪತ್ತಾರನೆಯ ದಿನ ಅದನ್ನು ಕಂಡವಳು ದುಗ್ಗಮ್ಮ. ಐವತ್ತು ವರ್ಷದಿಂದ ಚಿಪ್ಪಿ ಹೆಕ್ಕುತ್ತಿದ್ದ ಆಕೆಗೆ ಓದು ಬಾರದು. ಆದರೆ ಹೊಳೆಯ ತಳದಲ್ಲಿ ಎಲ್ಲಿ ಮರಳು, ಎಲ್ಲಿ ಕೆಸರು, ಎಲ್ಲಿ ಹೊಂಡ ಎಂಬುದನ್ನು ಅಂಗಾಲಿನಿಂದಲೇ ಹೇಳಬಲ್ಲಳು. ಅಂದು ಇಳಿತ ಜಾಸ್ತಿಯಿತ್ತು. ಚಿಪ್ಪಿಯ ಬೆನ್ನು ಹತ್ತಿ ಕಂಬದವರೆಗೂ ಹೋಗಿದ್ದಳು. ಮುದ್ರೆಯಿದ್ದ ಕಾಗದ ನೋಡಿ, ಹರಿಯದಂತೆ ನಿಧಾನಕ್ಕೆ ಬಿಡಿಸಿ, ತಲೆಯ ಮೇಲಿಟ್ಟುಕೊಂಡು ದಡಕ್ಕೆ ಬಂದಳು. ನೇರ ಅಣ್ಣಪ್ಪ ಮಾಸ್ತರರ ಜಗಲಿಗೆ ಹೋದಳು. ಕೇರಿಯ ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿದ್ದ ಅವರು, ಊರವರ ಕಾಗದಪತ್ರಗಳಿಗೆಲ್ಲ ದಿಕ್ಕು.

“ಇದ್ರಲ್ಲಿ ಎಂತ ಬರ್ದಿದ್ದಾರೆ ನೋಡಿ, ಮಾಷ್ಟ್ರೇ.”

ಮಾಸ್ತರರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು.

“ಬಯಲಲ್ಲಿ ಮೂವತ್ತೆರಡು ಮಾಳಿಗೆಯ ಕಟ್ಟಡ ಕಟ್ತಾರಂತೆ ದುಗ್ಗಮ್ಮ. ಬೇಡ ಅನ್ನೂದಾದ್ರೆ ಇನ್ನು ನಾಲ್ಕು ದಿನದಲ್ಲಿ ಹೇಳ್ಬೇಕಂತೆ.”

“ಬಯಲಲ್ಲಿ ಕಟ್ಟಿದ್ರೆ ಮಳೆಗಾಲದಲ್ಲಿ ಹೊಳೆ ಎಲ್ಲಿಗೆ ಹೋಗೂದು?”

“ಅದು ಇದ್ರಲ್ಲಿ ಬರ್ದಿಲ್ಲ.”

ನಾಲ್ಕು ದಿನವೂ ಮಾಸ್ತರರ ಜಗಲಿಯಲ್ಲಿ ಬರವಣಿಗೆ ನಡೆಯಿತು. ಬರೆಯಲು ಬರುವವರು ಬರೆದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಒಟ್ಟು ಮುನ್ನೂರ ಹನ್ನೆರಡು ಆಕ್ಷೇಪಣೆಗಳು ಎರಡು ದೋಣಿಯಲ್ಲಿ ಅರಮನೆ ತಲುಪಿದವು. ಮರುದಿನ ಶ್ಲಾಘನಾಥ ಸಭೆಯಲ್ಲಿ ನಿವೇದಿಸಿದ: “ಪ್ರಭು, ಯೋಜನೆಗೆ ಮುನ್ನೂರ ಹನ್ನೆರಡು ಪ್ರತಿಕ್ರಿಯೆಗಳು ಬಂದಿವೆ. ಸಾರ್ವಜನಿಕ ಸಹಭಾಗಿತ್ವದಲ್ಲಿ ಇದು ದಾಖಲೆ. ಒಬ್ಬ ವೃದ್ಧೆಯಂತೂ ಉತ್ಸಾಹ ತಡೆಯಲಾರದೆ ನೋಟಿಸನ್ನೇ ಮನೆಗೆ ಕೊಂಡೊಯ್ದಿದ್ದಾಳೆ.”

ಅರಸನಿಗೆ ಕಣ್ಣು ತುಂಬಿ ಬಂತು. ಇಷ್ಟು ಉತ್ಸುಕರಾದ ಪ್ರಜೆಗಳನ್ನು ತಾನೇ ಕಂಡು ಮಾತನಾಡಿಸುವುದಾಗಿ ಹೇಳಿದ. ಹೀಗೆ ಅಹವಾಲು ಸಭೆ ನಿಗದಿಯಾಯಿತು.

ದೋಣಿಗೇರಿಯವರು ಸಭೆಯ ಶಾಮಿಯಾನಕ್ಕೆ ಬಂದು ನೋಡಿದರೆ ಕುರ್ಚಿಗಳೆಲ್ಲ ಭರ್ತಿ. ಬೆಟ್ಟದ ಸೀಮೆಯಿಂದ ಬೆಳಗಿನ ಜಾವವೇ ಗಾಡಿಗಳಲ್ಲಿ ಕರೆತಂದ ಜನ, ಕೈಯಲ್ಲಿ ‘ನಮಗೆ ನೀರು ಬೇಕು’ ಎಂಬ ಫಲಕ ಹಿಡಿದು ಕುಳಿತಿದ್ದರು. ಅವರ ಊರಲ್ಲಿ ನಿಜವಾಗಿಯೂ ನೀರಿರಲಿಲ್ಲ. ಅದಕ್ಕೇ ಸಭೆಯೆಂದು ನಂಬಿ ಬಂದಿದ್ದರು. ದುಗ್ಗಮ್ಮ ಅಂಚಿನಲ್ಲಿ ನಿಂತದ್ದನ್ನು ನೋಡಿ ಅವರಲ್ಲೊಬ್ಬ ಎದ್ದು ತನ್ನ ಕುರ್ಚಿ ಕೊಟ್ಟ.

“ಕೂತ್ಕಳಿ ಅಮ್ಮ. ನಿಮ್ಮೂರಾಗೂ ನೀರಿಲ್ವಾ?”

“ನಮ್ಮಲ್ಲಿ ನೀರಿದೆ ಮಗಾ. ಅದಕ್ಕೇ ಈ ಗೋಳು,” ಎಂದಳು ದುಗ್ಗಮ್ಮ.

ಮೇಜಿನ ಮೇಲೆ ಸೌಧದ ಮಾದರಿ ಇಟ್ಟಿದ್ದರು. ಕೇರಿ ಇರಬೇಕಾದಲ್ಲಿ ಹಸಿರು ಸ್ಪಂಜಿನ ಮರಗಳಿದ್ದವು. ಮಾತಾಡುವ ಸರದಿ ಬಂದಾಗ ದುಗ್ಗಮ್ಮ ಆ ಮರಗಳನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಅರಸನ ಕಡೆ ತಿರುಗಿದಳು.

“ಒಡೆಯಾ, ನಾವು ಓದಿದವ್ರಲ್ಲ. ಹೊಳೆಗೆ ಮಳೆಗಾಲದಲ್ಲಿ ಕಾಲು ಚಾಚ್ಲಿಕ್ಕೆ ಒಂದಿಷ್ಟು ಜಾಗ ಬೇಕು. ಬಯಲು ಅಂದ್ರೆ ಅದೇ. ಅಲ್ಲಿ ಕಲ್ಲು ತುಂಬ್ಸಿದ್ರೆ ಅದು ನಮ್ಮ ಮನೆಯೊಳ್ಗೆ ಬಂದು ಮಲಗ್ತದೆ. ಹರಿವು ತಿರುಗಿದ್ರೆ ಮರಳು ಬಂದು ಚಿಪ್ಪಿ ಸಾಯ್ತದೆ. ನಾನು ಮೂರು ಹೆಣ್ಮಕ್ಕಳನ್ನ ಸಾಕಿದ್ದು ಆ ಚಿಪ್ಪಿಯಿಂದ. ನಮ್ಗೆ ಬೇರೆ ಎಂತ ಬೇಡ. ನಾವು ನೀರಿನ ಹತ್ರ ಇದ್ದೇವೆ, ಹಾಗೇ ಇರ್ಲಿಕ್ಕೆ ಬಿಡಿ.”

ಅರಸ ಗದ್ದಕ್ಕೆ ಕೈಯಿಟ್ಟು ಯೋಚಿಸಿದ. ಆ ಕ್ಷಣದಲ್ಲಿ ಸೌಧ ಬೇಡವೆನ್ನಲು ಅವನ ಬಾಯಿ ಅರ್ಧ ತೆರೆದಿತ್ತೆಂದು ಹತ್ತಿರ ಕುಳಿತವರು ಹೇಳುತ್ತಾರೆ. ಶ್ಲಾಘನಾಥ ಬಾಗಿ ಕೈಮುಗಿದ.

“ಪ್ರಭು, ಆಕೆಯ ಮಾತಿನ ಸಾರಾಂಶ ಇಷ್ಟೇ. ಪ್ರಜೆಗಳಿಗೆ ನೀರಿನ ಹತ್ತಿರ ಇರಬೇಕೆಂಬ ಹಂಬಲವಿದೆ. ಅದನ್ನೇ ನಾವು ಮೂವತ್ತೆರಡು ಅಂತಸ್ತಿನಲ್ಲಿ ಈಡೇರಿಸುತ್ತಿದ್ದೇವೆ. ಹೊಳೆಯ ವಿಷಯದಲ್ಲಿ ಮಾತ್ರ ಒಂದು ತಾಂತ್ರಿಕ ಸಮಸ್ಯೆ ಇದೆ. ಅದಕ್ಕೆ ರಾಜಾಜ್ಞೆ ಸಾಕು.”

ಅರಸನ ಬಾಯಿ ಮುಚ್ಚಿಕೊಂಡಿತು. ಮರುವಾರ ಹೊಳೆಯ ದಂಡೆಯಲ್ಲಿ ಡಂಗುರ ಹೊಡೆದು ಆಜ್ಞೆ ಓದಲಾಯಿತು: ‘ಮಂದಾಳೆ ಹೊಳೆಯು ಮುಂದಿನ ಮಳೆಗಾಲದಿಂದ ತನ್ನ ಹೆಚ್ಚುವರಿ ನೀರಿಗೆ ಪರ್ಯಾಯ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು.’ ಹೊಳೆಗೂ ಮೂವತ್ತು ದಿನಗಳ ಅವಕಾಶ ಕೊಟ್ಟಿದ್ದರು. ಅದು ಆಕ್ಷೇಪಣೆ ಸಲ್ಲಿಸಲಿಲ್ಲ. ಮೌನವನ್ನು ಸಮ್ಮತಿ ಎಂದು ದಾಖಲಿಸಿಕೊಳ್ಳಲಾಯಿತು.

ಮೊದಲ ಕಲ್ಲಿನ ಲಾರಿ ಬಂದ ದಿನ ದೋಣಿಗೇರಿಯವರು ಬಯಲಿನಲ್ಲಿ ಹೋಗಿ ಕುಳಿತರು. ಅಲ್ಲೇ ಒಲೆ ಹೂಡಿ ಗಂಜಿ ಬೇಯಿಸಿ ಹನ್ನೊಂದು ದಿನ ಏಳಲಿಲ್ಲ. ಶ್ಲಾಘನಾಥ ಅದರ ಚಿತ್ರ ತೆಗೆಸಿ, ‘ಸೌಧ ಏಳುವ ಮೊದಲೇ ಜನಪ್ರಿಯ ವಿಹಾರತಾಣ’ ಎಂದು ರಾಜಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಹನ್ನೆರಡನೆಯ ದಿನ ಕಾವಲು ಪಡೆ ಬಂತು. ಗಂಜಿಯ ಮಡಕೆಗಳು ಒಡೆದವು. ಹೆಂಗಸರನ್ನು ತೋಳು ಹಿಡಿದು ಎಳೆದು ಕೇರಿಯ ಗಡಿಗೆ ಬಿಟ್ಟರು. ಅರ್ಜಿ ಬರೆಯಲು ಕಲಿಸಿದ ಅಪರಾಧಕ್ಕಾಗಿ ಅಣ್ಣಪ್ಪ ಮಾಸ್ತರರನ್ನು ಕೋಟೆಯ ಸೆರೆಯಲ್ಲಿ ಆರು ತಿಂಗಳು ಇಟ್ಟರು. ಹೊರಬಂದಾಗ ಅವರು ಗೋಡೆ ಹಿಡಿದು ನಡೆಯುತ್ತಿದ್ದರು. ಎದುರುಗೊಳ್ಳಲು ಹೋಗಿದ್ದ ದುಗ್ಗಮ್ಮ ಅವರ ಚೀಲ ತಾನು ಹೊತ್ತುಕೊಂಡಳು.

“ಕಟ್ಟಡ ಎಷ್ಟು ಮೇಲೆ ಬಂತು?” ಎಂದು ಕೇಳಿದರು ಮಾಸ್ತರರು.

“ನಮ್ಮ ಅಂಗಳಕ್ಕೆ ಮಧ್ಯಾಹ್ನ ಎರಡಕ್ಕೇ ಸಂಜೆ ಆಗ್ತದೆ,” ಎಂದಳು ದುಗ್ಗಮ್ಮ.

ಎರಡು ವರ್ಷದಲ್ಲಿ ಸೌಧ ಮುಗಿಯಿತು. ಅಲ್ಲಿ ಮನೆ ಕೊಳ್ಳಲು ಮಾತ್ರ ಯಾರೂ ಬರಲಿಲ್ಲ. ರಾಜಧಾನಿಯ ಶ್ರೀಮಂತರು ಗಾಳಿ ಜಾಸ್ತಿ ಎಂದರು, ಮೀನಿನ ವಾಸನೆ ಎಂದರು. ಖಾಲಿ ಬಾಲ್ಕನಿಗಳನ್ನು ಅರಮನೆಯ ಕಿಟಕಿಯಿಂದ ನೋಡಿ ನೋಡಿ ಅರಸ ಸೊರಗಿದ.

ಅಷ್ಟರಲ್ಲಿ ಆಷಾಢದ ಮಳೆ ಹಿಡಿಯಿತು. ಆರನೆಯ ದಿನ ಮಧ್ಯಾಹ್ನ ಮಂದಾಳೆ ಉಕ್ಕಿ, ಅಭ್ಯಾಸದಂತೆ ಬಯಲಿನ ಕಡೆ ಹೊರಳಿ, ಅಲ್ಲಿ ಕಲ್ಲಿನ ಗೋಡೆ ಕಂಡು ದೋಣಿಗೇರಿಗೆ ತಿರುಗಿತು. ಒಂದು ತಾಸಿನಲ್ಲಿ ಸೊಂಟದ ಮಟ್ಟ, ಎರಡು ತಾಸಿನಲ್ಲಿ ಮಾಡಿನ ಮಟ್ಟ. ಸುತ್ತಮುತ್ತ ಒಣ ನೆಲ ಉಳಿದದ್ದು ಸೌಧದಲ್ಲಿ ಮಾತ್ರ. ಜನ ಮುದುಕರನ್ನು ಬೆನ್ನಿಗೆ ಹಾಕಿಕೊಂಡು, ಆಡುಗಳನ್ನು ದೋಣಿಗೆ ಹಾಕಿಕೊಂಡು ಬಂದು, ಬೀಗ ಒಡೆದು ಮೆಟ್ಟಿಲು ಹತ್ತಿದರು. ದುಗ್ಗಮ್ಮನ ಮನೆಯ ಗೋಡೆ ಕುಸಿಯುವುದನ್ನು ಅವಳೇ ನಾಲ್ಕನೆಯ ಮಹಡಿಯಿಂದ ನೋಡಿದಳು. ಸದ್ದು ಕೇಳಿಸಲಿಲ್ಲ, ಮಳೆ ಅಷ್ಟು ಜೋರಿತ್ತು. ಅಂಥ ಮನೆಗಳು ಅರವತ್ತೊಂದು.

ಹೊಳೆ ಉಕ್ಕಿದ ನಾಲ್ಕನೆಯ ದಿನ ಮಳೆ ಬಿಟ್ಟಾಗ ಅರಸ ಕಿಟಕಿ ತೆರೆದು ನೋಡಿದ. ಸೌಧದ ಪ್ರತಿ ಬಾಲ್ಕನಿಯಲ್ಲೂ ಜನ.

“ಅಮಾತ್ಯರೇ, ಇದೇನು?”

ಶ್ಲಾಘನಾಥ ಕಿಟಕಿಯಿಂದ ಇಣುಕಿದ. “ಹೌಸ್‌ಫುಲ್, ಪ್ರಭು. ಮೊದಲ ಮಳೆಗೇ.”

ಅಂದೇ ಉನ್ನತಸೇನನಿಗೆ ಆಹ್ವಾನ ಹೋಯಿತು. ಇನ್ನೊಂದು ಆಜ್ಞೆಯೂ ಹೊರಟಿತು: ‘ರಾಜಸೌಧದಲ್ಲಿ ಅನುಮತಿಯಿಲ್ಲದೆ ಆಶ್ರಯ ಪಡೆದ ತಪ್ಪನ್ನು ಕ್ಷಮಿಸಲಾಗಿದೆ. ಅದಕ್ಕೆ ಪ್ರತಿಯಾಗಿ ದೋಣಿಗೇರಿಯ ನಿವಾಸಿಗಳು ಪ್ರತಿದಿನ ಸಂಜೆ ಎರಡು ತಾಸು ತಮತಮಗೆ ಗೊತ್ತುಮಾಡಿದ ಮಹಡಿಯಲ್ಲಿ, ತೊಳೆದ ಬಟ್ಟೆಯುಟ್ಟು, ನೀರು ನೋಡುತ್ತ ನಿಲ್ಲತಕ್ಕದ್ದು. ಉಳಿದ ಸಮಯದಲ್ಲಿ ಒಳಗೆ ಪ್ರವೇಶವಿಲ್ಲ.’

ಕೇರಿಯವರು ಬಿದ್ದ ಗೋಡೆಗಳ ನಡುವೆ ತಟ್ಟಿ ಕಟ್ಟಿಕೊಂಡು ಮಲಗಿದರು, ಸಂಜೆ ಎದ್ದು ನಿವಾಸಿಗಳಾಗಲು ಹೋದರು. ದುಗ್ಗಮ್ಮನಿಗೆ ಹತ್ತೊಂಬತ್ತನೆಯ ಮಹಡಿ, ಮಾಸ್ತರರಿಗೆ ಅದರ ಪಕ್ಕದ ಬಾಲ್ಕನಿ. ಲಿಫ್ಟು ಗಣ್ಯರಿಗೆ ಮೀಸಲಾದ್ದರಿಂದ ಬೀಗ ಹಾಕಿತ್ತು. ಮೊದಲ ಸಂಜೆ ದುಗ್ಗಮ್ಮ ಏದುಸಿರು ಬಿಡುತ್ತ ಬಾಲ್ಕನಿಯ ಕಟಾಂಜನ ಹಿಡಿದು ನಿಂತು ಹೊಳೆ ನೋಡಿದಳು. ಐವತ್ತು ವರ್ಷ ಅದರೊಳಗೇ ಇದ್ದವಳು ಅದನ್ನು ಇಷ್ಟು ಎತ್ತರದಿಂದ ಕಂಡದ್ದು ಅದೇ ಮೊದಲು. ಚಿಪ್ಪಿಯ ತಾಣದ ಮೇಲೆ ಉದ್ದಕ್ಕೂ ಬಿಳಿ ಮರಳು ಬಿದ್ದಿತ್ತು.

“ಹೊಳೆ ಹಾದಿ ತಪ್ಪಿದೆ, ಮಾಷ್ಟ್ರೇ. ದೋಣಿ ದಾಟುವ ಕಡವಿನ ಹತ್ರ ಆಳ ಇಲ್ಲ ಈಗ.”

“ಯಾರಿಗೆ ಬರೀಲಿ ದುಗ್ಗಮ್ಮ?” ಎಂದರು ಮಾಸ್ತರರು.

ಹತ್ತನೆಯ ಸಂಜೆ ಉನ್ನತಸೇನ ಬಂದ. ಇಬ್ಬರು ಅರಸರೂ ಹೂವಿನಿಂದ ಸಿಂಗರಿಸಿದ ದೊಡ್ಡ ದೋಣಿಯಲ್ಲಿ ವಾದ್ಯ ಬಾರಿಸಿಕೊಂಡು ಹೊಳೆಗಿಳಿದರು. ಚುಕ್ಕಾಣಿಗೆ ದೋಣಿಗೇರಿಯವರನ್ನು ಕರೆದಿರಲಿಲ್ಲ, ಅವರೆಲ್ಲ ಬಾಲ್ಕನಿಗೆ ಬೇಕಾಗಿದ್ದರು. ದೋಣಿ ನೇರ ಮರಳಿನ ಕಡೆ ಬರುವುದನ್ನು ದುಗ್ಗಮ್ಮ ಕಂಡಳು. ಎರಡೂ ಕೈ ಎತ್ತಿ ಬೀಸಿದಳು.

“ಬರ್ಬೇಡಿ, ಅತ್ಲಾಗೆ ತಿರುಗ್ಸಿ, ಆಳ ಇಲ್ಲ.”

ನಾಗಸ್ವರದ ಅಬ್ಬರದಲ್ಲಿ ಅದು ಯಾರಿಗೂ ಕೇಳಲಿಲ್ಲ.

“ಆ ವೃದ್ಧೆ ಯಾರು?” ಎಂದು ಉನ್ನತಸೇನ ಕೇಳಿದ.

“ನಿವಾಸಿ, ಮಹಾಸ್ವಾಮಿ. ತಮಗೆ ಸ್ವಾಗತ ಕೋರುತ್ತಿದ್ದಾಳೆ,” ಎಂದ ಶ್ಲಾಘನಾಥ. ವಿಪುಲವರ್ಮ ಅವಳಿಗೆ ಪ್ರತಿಯಾಗಿ ಕೈಬೀಸಿದ. ದೋಣಿ ಮರಳಿಗೆ ಹತ್ತಿ ಗಕ್ಕನೆ ನಿಂತಿತು.

ವಾದ್ಯದವರು ನಿಲ್ಲಿಸಿದರು. ನೀರು ಅಕ್ಕಪಕ್ಕದಲ್ಲಿ ಹರಿಯುತ್ತಿತ್ತು, ದೋಣಿ ಮಾತ್ರ ಅಲುಗಾಡಲಿಲ್ಲ. ಉನ್ನತಸೇನ ಸುತ್ತ ನೋಡಿ ಬೆರಗಾದ. ತನ್ನ ರಾಜ್ಯದಲ್ಲಿ ದೋಣಿಯಲ್ಲಿ ಕುಳಿತರೆ ಹೊಟ್ಟೆ ತೊಳಸುತ್ತದೆಂದೂ, ಹೊಳೆಯ ನಡುವೆ ಇಷ್ಟು ಸ್ಥಿರವಾದ ಆಸನವನ್ನು ತಾನೆಲ್ಲೂ ಕಂಡಿಲ್ಲವೆಂದೂ ಹೇಳಿದ.

“ನೀರನ್ನು ಹೀಗೆ ನಿಲ್ಲಿಸಿದ್ದು ಹೇಗೆ?”

“ಆಜ್ಞೆ ಹೊರಡಿಸಿದ್ದೆವು,” ಎಂದ ವಿಪುಲವರ್ಮ, ವಿನಯದಿಂದ.

ಉನ್ನತಸೇನ ತನ್ನ ಕೊರಳಿನ ಹಾರ ತೆಗೆದು ಅವನಿಗೆ ಹಾಕಿ, ‘ಜಲಸ್ತಂಭನ ಚಕ್ರವರ್ತಿ’ ಎಂಬ ಬಿರುದನ್ನು ಅಲ್ಲಿಯೇ ಪ್ರದಾನ ಮಾಡಿದ. ಅಂಥದೇ ಇನ್ನೆರಡು ಸೌಧಗಳನ್ನು ಇದೇ ದಂಡೆಯಲ್ಲಿ ಕಟ್ಟುವ ಒಡಂಬಡಿಕೆಗೆ ಇಬ್ಬರೂ ದೋಣಿಯಲ್ಲೇ ಸಹಿ ಹಾಕಿದರು. ಶ್ಲಾಘನಾಥ ಶಾಯಿ ಆರಲೆಂದು ಊದಿದ.

ಆಮೇಲೆ ಚಳಿಗಾಳಿ ಎದ್ದಿತು. ಅರಸರಿಗೆ ಊಟದ ಹೊತ್ತಾಗಿತ್ತು. ದೋಣಿಗೇರಿಯವರು ಕೆಳಗಿಳಿದು ಬರಬೇಕೆಂದು ಕಹಳೆ ಊದಿದರು. ಅವರು ಇಳಿದು, ಹೊಳೆಯಲ್ಲಿ ಎದೆಮಟ್ಟ ನಡೆದು, ದೋಣಿಗೆ ಹೆಗಲು ಕೊಟ್ಟು ಮರಳಿನಿಂದ ಆಚೆ ನೂಕಿದರು. ಎಲ್ಲಿ ಕಾಲೂರಬೇಕೆಂದು ದುಗ್ಗಮ್ಮ ಮುಂದೆ ನಿಂತು ಹೇಳಿಕೊಟ್ಟಳು. ಮೂರನೆಯ ನೂಕಿಗೆ ದೋಣಿ ಆಳಕ್ಕೆ ಜಾರಿತು, ವಾದ್ಯಗಳು ಮತ್ತೆ ಮೊಳಗಿದವು.

ದಡದಲ್ಲಿ ಮೇಲ್ವಿಚಾರಕ ಹಾಜರಿ ಪುಸ್ತಕ ಹಿಡಿದು ಕಾಯುತ್ತಿದ್ದ. ಎರಡು ತಾಸಿನಲ್ಲಿ ಇನ್ನೂ ಅರ್ಧ ತಾಸು ಬಾಕಿ ಇದೆ ಎಂದ. ದುಗ್ಗಮ್ಮ ಸೆರಗು ಹಿಂಡಿಕೊಂಡು, ಮಾಸ್ತರರ ಕೈ ಹಿಡಿದು, ಹತ್ತೊಂಬತ್ತನೆಯ ಮಹಡಿಗೆ ಮೆಟ್ಟಿಲು ಹತ್ತತೊಡಗಿದಳು.